ಟ್ಯಾಂಕ್: ಹೈದರಾಬಾದಿನಲ್ಲಿ ಪದದ ಚರಿತ್ರೆ

ಟ್ಯಾಂಕ್: ಕೆರೆ, ನೀರಿನ ತೊಟ್ಟಿ, ವಾಹನದಲ್ಲಿ ಇಂಧನ ತುಂಬುವ ಭಾಗ, ಯುದ್ಧವಾಹನ ಎಂಬ ಹಲವು ಅರ್ಥಗಳಲ್ಲಿ ಬಳಕೆಯಾಗುವ ಇಂಗ್ಲಿಷ್ ಪದ. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗಿದ್ದ ಹೆಸರು ಮತ್ತು ಪೋರ್ಚುಗೀಸರ 'ತಾಂಕೆ' ಇವೆರಡನ್ನೂ ನಿಘಂಟುಕಾರರು ಇದರ ಮೂಲವೆಂದು ತೋರಿಸುತ್ತಾರೆ. ಉತ್ತರ ಕರ್ನಾಟಕದವರ 'ಟಾಕಿ' ಇದೇ ಬಳಗದ್ದು.

ಈ ಪದದ 'ಕೆರೆ' ಎಂಬ ಹಳೆಯ ಅರ್ಥ ಇಂದಿಗೂ ದಿನಬಳಕೆಯಲ್ಲಿ ಗಟ್ಟಿಯಾಗಿ ನಿಂತಿರುವ ಊರುಗಳಲ್ಲಿ ಹೈದರಾಬಾದ್ ಮುಖ್ಯವಾದುದು. ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುಲಿ ಕುತುಬ್ ಷಾಹನ ಕಾಲದಲ್ಲಿ, 1562ರ ಸುಮಾರಿಗೆ, ಸೂಫಿ ಸಂತ ಹುಸೇನ್ ಷಾ ವಲಿಯ ಉಸ್ತುವಾರಿಯಲ್ಲಿ ಹುಸೇನ್ ಸಾಗರ ಕಟ್ಟಲಾಯಿತು. ಹೈದರಾಬಾದ್ ನಗರ ಹುಟ್ಟಿದ್ದು 1591ರಲ್ಲಿ. ಊರಿಗಿಂತ ಕೆರೆಯೇ ಹಿರಿಯದು. ಸಿಕಂದರಾಬಾದಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟ ಮೇಲೆ ಎರಡೂ ಊರುಗಳನ್ನು ಬೆಸೆದ ಕೆರೆ ಏರಿಗೆ ಟ್ಯಾಂಕ್ ಬಂಡ್ ಎಂಬ ಹೆಸರು ನಿಂತಿತು. 'ಬಂಡ್' ಪಾರಸಿ 'ಬಂದ್'ನಿಂದ ಬಂದದ್ದು. ಈಗ ಆಟೋದವರಿಗೆ ಟ್ಯಾಂಕ್ ಬಂಡ್ ಎಂದರೆ ರಸ್ತೆ. ಬೆಂಗಳೂರಿನಲ್ಲೂ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರು ಮಾತ್ರ ಉಳಿಯಿತು. ಕೆರೆ ಕಳೆದುಕೊಂಡ ಊರಿಗೆ ಇಂಥ ಹೆಸರೇ ದಾಖಲೆ. ಹೈದರಾಬಾದಿನ ಮೀರ್ ಆಲಂ ಟ್ಯಾಂಕ್ ಹೆಸರಿನೊಂದಿಗೆ ನೀರನ್ನೂ ಉಳಿಸಿಕೊಂಡಿದೆ. 19ನೆಯ ಶತಮಾನದ ಆರಂಭದ ಅದರ ಅಣೆಕಟ್ಟು ನೇರ ಗೋಡೆಯಲ್ಲ. ನೀರಿನ ಕಡೆಗೆ ಬೆನ್ನುಬ್ಬಿಸಿದ 21 ಅರ್ಧವೃತ್ತದ ಕಲ್ಲುಕಮಾನುಗಳ ಸಾಲು.

ಯುದ್ಧದ ಅರ್ಥ ಬಂದದ್ದು ಗುಟ್ಟು ಕಾಯುವುದಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಲಿಂಕನ್ ನಗರದಲ್ಲಿ ಉಕ್ಕಿನ ಈ ವಾಹನ ತಯಾರಾಗುವಾಗ, ಮೆಸೊಪೊಟೇಮಿಯಾಕ್ಕೆ ಹೋಗುವ ನೀರಿನ ಟ್ಯಾಂಕ್ ಎಂದು ಸುದ್ದಿ ಹಬ್ಬಿಸಲಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅದು ಮೊದಲ ಬಾರಿ ಕಾದಾಟಕ್ಕಿಳಿಯಿತು; ಮುಚ್ಚಿಡಲು ಕಟ್ಟಿದ ಹೆಸರೇ ಖಾಯಂ ಆಯಿತು.

ಹೈದರಾಬಾದ್ ಸಂಸ್ಥಾನಕ್ಕೆ ಆ ಅರ್ಥ ಕಣ್ಣೆದುರಿಗೆ ಬಂದದ್ದು 1948ರ ಸೆಪ್ಟೆಂಬರ್ 13ರಂದು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಹೊರಟ ಭಾರತೀಯ ಸೇನೆಯ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಪಡೆಯ ಟ್ಯಾಂಕುಗಳು ಸೊಲ್ಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿದು ಸಾಗಿದವು. ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಅದೇ ವಿಮೋಚನೆಯ ದಿನ.

ಪೆಟ್ರೋಲ್ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್ ಮುಂತಾದವು ತೊಟ್ಟಿಯ ಅರ್ಥದ ಕವಲುಗಳು. 'ಥಿಂಕ್ ಟ್ಯಾಂಕ್'ಗೆ ಕನ್ನಡ ಪತ್ರಿಕೆಗಳು 'ಚಿಂತಕರ ಚಾವಡಿ' ಎಂಬ ಸೊಗಸಾದ ಮಾತು ಬಳಕೆಗೆ ತಂದಿವೆ.