ಇಳಿವಯಸ್ಸಿನಲ್ಲೊಂದು ಹಯವಿದ್ಯೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ವಿದ್ಯಾಭ್ಯಾಸದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಹಿರಿಯರು ಉದಾಹರಿಸುವುದುಂಟು. ಗಾದೆಯನ್ನು ಸುಳ್ಳೆಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಕಡೆಗೆ ಬಗ್ಗಿ ಬೆಳೆದ ಮರವು ಅರ್ಧಾಯುಷ್ಯ ಕಳೆದ ಮೇಲೆ ಇನ್ನೊಂದು ಕಡೆಗೆ ಬಗ್ಗಿದ ನಿದರ್ಶನವೊಂದು ಜಪಾನ್ ದೇಶದ ಅಶ್ವಾರೋಹಣದ ಚರಿತ್ರೆಯಲ್ಲಿ ದೊರೆಯುವುದರಿಂದ, ಅದನ್ನು ವಾಚಕರ ಮುಂದಿಡಲು ಮನಸ್ಸಾಗಿದೆ.

೧೯೪೧ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದ ಹಿರೋಶಿ ಹೊಕೆತ್ಸು ಅವರು, ೧೯೬೪ರಲ್ಲಿ ಅದೇ ನಗರದಲ್ಲಿ ಜರುಗಿದ ಓಲಿಂಪಿಕ್ ಕ್ರೀಡೆಗಳಲ್ಲಿ, ಕುದುರೆಯನ್ನು ತಡೆಗಳ ಮೇಲೆ ನೆಗೆಸುವ ಸ್ಪರ್ಧೆಗೆ ತಮ್ಮ ದೇಶದ ಪರವಾಗಿ ನಿಂತರು. ಆಗ ಅವರಿಗೆ ೨೩ ವರ್ಷ. ದೊರೆತದ್ದು ೪೦ನೆಯ ಸ್ಥಾನ. ಈ ನೆಗೆತದ ವಿದ್ಯೆಯಲ್ಲಿ ರಾವುತನು ರಿಕಾಪನ್ನು ಗಿಡ್ಡವಾಗಿ ಕಟ್ಟಿಕೊಂಡು, ಜೀನಿನಿಂದ ಮೇಲೆದ್ದು, ಮುಂದಕ್ಕೆ ಬಾಗಿ ಕುದುರೆಯ ಬೆನ್ನಿನ ಭಾರವನ್ನು ಹಗುರಗೊಳಿಸುತ್ತಾನೆ. ಒಂದು ಕಂಬ ಉರುಳಿದರೆ ೪ ತಪ್ಪಂಕ. ಎಲ್ಲಕ್ಕಿಂತ ಮುಖ್ಯವಾದುದು ಕಣ್ಣಳತೆ. ಓಡುತ್ತಿರುವ ಕುದುರೆಯು ತಡೆಗೆ ಎಷ್ಟು ದೂರದಲ್ಲಿ ನೆಲ ಬಿಡಬೇಕೆಂಬುದನ್ನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕು. ಒಂದು ಹೆಜ್ಜೆ ತಪ್ಪಿದರೆ ಕಂಬವೂ ಉರುಳೀತು, ರಾವುತನೂ ಉರುಳಿಯಾನು.

ವಯಸ್ಸೇರುತ್ತ ಬಂದಂತೆ ಅವರಿಗೆ ಈ ಕಣ್ಣಳತೆಯೇ ಕೈಕೊಟ್ಟಿತು. ಬೇರೊಬ್ಬರಾಗಿದ್ದರೆ ಲಾಯಕ್ಕೆ ದೂರದಿಂದಲೇ ಕೈಮುಗಿದು ಮನೆಯಲ್ಲಿ ಕುಳಿತುಬಿಡುತ್ತಿದ್ದರು. ಇವರು ಕುದುರೆಯನ್ನು ಬಿಡಲಿಲ್ಲ. ನೆಗೆತವನ್ನಷ್ಟೇ ಬಿಟ್ಟು, ಫ್ರೆಂಚರು ಡ್ರೆಸಾಜ್ ಎಂದು ಕರೆಯುವ ಹಯಶಿಕ್ಷೆಯ ಕಡೆಗೆ ತಿರುಗಿದರು.

ಇದು ಬಹು ಪ್ರಾಚೀನವಾದ ಕಲೆ. ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿಯೇ ಅಥೆನ್ಸಿನ ಕ್ಸೆನೊಫನ್ ಅಶ್ವಾರೋಹಣವನ್ನು ಕುರಿತು ಗ್ರಂಥ ಬರೆದನು. ನಮ್ಮಲ್ಲಿಯೂ ಕುದುರೆಯ ನಡೆಗಳನ್ನು ಪಂಚಧಾರೆಗಳೆಂದು ವಿಂಗಡಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ವಾಜಿವಾಹ್ಯಾಳಿಯನ್ನು ರಾಜವಿನೋದಗಳಲ್ಲಿ ಎಣಿಸಿದೆ. ಓಲಿಂಪಿಕ್ ಕ್ರೀಡೆಗಳಿಗೆ ಡ್ರೆಸಾಜ್ ಸೇರಿದ್ದು ೧೯೧೨ರಲ್ಲಿ. ಬಹುಕಾಲ ಅದು ಸೇನಾಧಿಕಾರಿಗಳ ಸೊತ್ತಾಗಿತ್ತು. ೧೯೪೮ರಲ್ಲಿ ಗೆದ್ದ ಸ್ವೀಡನ್ನಿನ ತಂಡದಲ್ಲೊಬ್ಬನು ನಿಜವಾಗಿ ಅಧಿಕಾರಿಯಲ್ಲ, ಬರಿಯ ಸಾರ್ಜೆಂಟನೆಂದು ಮರುವರ್ಷ ಪದಕವನ್ನೇ ಹಿಂದಕ್ಕೆ ಪಡೆದರು! ಕುದುರೆಗೆ ಈ ತಾರತಮ್ಯ ತಿಳಿದಿರಲಾರದು. ೧೯೫೨ರಿಂದ ಸಾಮಾನ್ಯ ಸೈನಿಕರಿಗೂ ಸ್ತ್ರೀಯರಿಗೂ ಪ್ರವೇಶ ದೊರೆಯಿತು.

ಡ್ರೆಸಾಜಿನ ಅಂಗಣ ೬೦ ಮೀಟರು ಉದ್ದ, ೨೦ ಮೀಟರು ಅಗಲ. ಅದರಲ್ಲಿ ತಡೆಯಿಲ್ಲ, ಅವಸರವೂ ಇಲ್ಲ. ಕುದುರೆಯು ನಿಂತಲ್ಲಿಯೇ ತಾಳಬದ್ಧವಾಗಿ ಹೆಜ್ಜೆಯೆತ್ತಬೇಕು, ಓರೆಯಾಗಿ ಸರಿಯಬೇಕು, ಹಿಂಗಾಲುಗಳ ಸುತ್ತ ತಿರುಗಬೇಕು. ನ್ಯಾಯಾಧೀಶರು ಒಂದೊಂದು ಚಲನೆಗೂ ೦ಯಿಂದ ೧೦ರವರೆಗೆ ಅಂಕವಿಡುತ್ತಾರೆ. ರಾವುತನು ಉದ್ದ ರಿಕಾಪಿನಲ್ಲಿ ಕಾಲಿಳಿಬಿಟ್ಟು, ಜೀನಿನಲ್ಲಿ ನೆಲೆಯೂರಿ, ನೋಡುವವರಿಗೆ ಕಾಣದಂತೆ ಅಪ್ಪಣೆ ಕೊಡಬೇಕು. ಅಂದರೆ ನೆಗೆತದಲ್ಲಿ ಮೇಲೇಳುವುದನ್ನು ಕಲಿತ ದೇಹಕ್ಕೆ ಇಲ್ಲಿ ಕೂರುವುದನ್ನು ಕಲಿಸಬೇಕು. ಹೊಸತನ್ನು ಕಲಿಯುವುದಕ್ಕಿಂತ ಹಳೆಯದನ್ನು ಮರೆಯುವುದು ಕಷ್ಟತರವೆಂಬುದನ್ನು, ಸಂಗೀತದಲ್ಲಿ ಒಂದು ಬಾಣಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದವರು ಒಪ್ಪಿಯಾರು.

ಹೊಕೆತ್ಸು ಅವರಿಗೆ ಇದೇ ಜೀವನೋಪಾಯವಾಗಿರಲಿಲ್ಲ. ಔಷಧ ವ್ಯಾಪಾರದ ಸಂಸ್ಥೆಯಲ್ಲಿ ದೊಡ್ಡ ಉದ್ಯೋಗದಲ್ಲಿದ್ದು, ಮುಂಜಾನೆ ಸವಾರಿ ಮುಗಿಸಿ ಕಚೇರಿಗೆ ಹೋಗುತ್ತಿದ್ದರು. ೧೯೮೪ರಲ್ಲಿ ಲಾಸ್ ಏಂಜಲೀಸಿನ ಕ್ರೀಡೆಗಳಿಗೆ ಬದಲಿ ಸವಾರರಾಗಿ ಆಯ್ಕೆಯಾದರು. ೧೯೮೮ರಲ್ಲಿ ಸಿಯೋಲಿಗೆ ಅರ್ಹತೆಯನ್ನೇ ಪಡೆದರು. ಆದರೆ ಅವರ ಕುದುರೆಯು ಸಾಂಕ್ರಾಮಿಕ ರೋಗದ ನಿರ್ಬಂಧಕ್ಕೆ ಒಳಗಾಗಿ, ಸವಾರನು ಸಿದ್ಧನಿದ್ದರೂ ಸ್ಪರ್ಧೆ ಕೈತಪ್ಪಿತು. ೪೭ನೆಯ ವಯಸ್ಸಿನಲ್ಲಿ ಇಂಥ ಅವಕಾಶ ತಪ್ಪಿದರೆ ಮತ್ತೊಂದು ಬಂದೀತೆಂದು ನೆಚ್ಚುವವರು ವಿರಳ.

ಉದ್ಯೋಗದಿಂದ ನಿವೃತ್ತರಾದ ಮೇಲೆ, ೨೦೦೩ರಲ್ಲಿ, ಅವರು ಜರ್ಮನಿಯ ಆಖೆನ್ ಪಟ್ಟಣಕ್ಕೆ ಹೋಗಿ ಟಾನ್ ಡಿ ರಿಡ್ಡರ್ ಎಂಬ ಶಿಕ್ಷಕರಲ್ಲಿ ಶಿಷ್ಯವೃತ್ತಿಗೆ ನಿಂತರು. ಮಡದಿ ಜಪಾನಿನಲ್ಲಿಯೇ ಉಳಿದರು. ಕುದುರೆಗಾಗಿ ಸಂಸಾರವನ್ನು ಎರಡು ಖಂಡಗಳಲ್ಲಿ ಇಡುವುದು ಸರಿಯೇ ಎಂದು ಗೃಹಿಣಿಯರು ಕೇಳಿದರೆ ಲೇಖಕನಲ್ಲಿ ಉತ್ತರವಿಲ್ಲ. ೨೦೦೮ರ ಬೀಜಿಂಗ್ ಕ್ರೀಡೆಗಳ ಅಶ್ವಸ್ಪರ್ಧೆಗಳನ್ನು ಕುದುರೆಗಳ ರೋಗಭೀತಿಯ ಕಾರಣದಿಂದಲೇ ಹಾಂಗ್‌ಕಾಂಗಿನಲ್ಲಿ ನಡೆಸಬೇಕಾಯಿತು. ಸಿಯೋಲಿನಲ್ಲಿ ಅಡ್ಡಬಂದ ವಿಘ್ನವು ಈ ಸಲ ಅವರನ್ನು ತಡೆಯಲಿಲ್ಲ. ವಿಸ್ಪರ್ ಎಂಬ ಹೆಣ್ಣುಕುದುರೆಯನ್ನೇರಿ, ೬೭ನೆಯ ವಯಸ್ಸಿನಲ್ಲಿ, ೪೪ ವರ್ಷಗಳ ಅನಂತರ ಮತ್ತೆ ಓಲಿಂಪಿಕ್ ಅಂಗಣವನ್ನು ಪ್ರವೇಶಿಸಿದರು.

ಈ ವಿದ್ಯೆಯಲ್ಲಿ ವೃದ್ಧರು ಹಿಂದೆಯೂ ಇಲ್ಲದಿರಲಿಲ್ಲ. ಆಸ್ಟ್ರಿಯಾದ ಆರ್ಥರ್ ಫಾನ್ ಪೊಂಗ್ರಾಟ್ಸ್ ೧೯೩೬ರಲ್ಲಿ ೭೨ರ ವಯಸ್ಸಿನವರಾಗಿದ್ದರು. ಬ್ರಿಟನ್ನಿನ ಲಾರ್ನಾ ಜಾನ್‌ಸ್ಟನ್ ಎಂಬಾಕೆ ೧೯೭೨ರಲ್ಲಿ ೭೦ ತುಂಬಿದ ಕೆಲವೇ ದಿನಗಳಲ್ಲಿ ಸ್ಪರ್ಧಿಸಿದರು. ಆದರೆ ನೆಗೆತದಿಂದ ಆರಂಭಿಸಿ, ಕಣ್ಣು ಮಂದವಾದ ಮೇಲೆ ಮತ್ತೊಂದು ವಿದ್ಯೆಯ ಅಕ್ಷರಾಭ್ಯಾಸ ಮಾಡಿ ಇಷ್ಟು ದೂರ ನಡೆದವರು ಅಪೂರ್ವ.

೨೦೧೨ರಲ್ಲಿ ಲಂಡನ್ನಿನ ಗ್ರೀನಿಚ್ ಉದ್ಯಾನದಲ್ಲಿ ಅವರು ಮತ್ತೊಮ್ಮೆ ವಿಸ್ಪರಳನ್ನೇರಿ ಕಾಣಿಸಿಕೊಂಡಾಗ ಸವಾರನಿಗೆ ೭೧, ಕುದುರೆಗೆ ೧೫. ಮುಂದಿನ ಕ್ರೀಡೆಗಳ ಮಾತು ಬಂದಾಗ ಅವರು ಚಿಂತಿಸಿದ್ದು ತಮ್ಮ ವಯಸ್ಸನ್ನಲ್ಲ. ವಿಸ್ಪರಳಿಗೆ ವಯಸ್ಸಾಗಿಬಿಡುತ್ತದೆ, ಅವಳಂಥ ಇನ್ನೊಂದು ಕುದುರೆ ಸಿಕ್ಕುವುದು ಕಷ್ಟ ಎಂದರು.