ಯಾರ್ಕ್ ನಗರದ ವಣಿಕ್ಸಂಘದ ಸಭಾಭವನ

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್ ನಗರದಲ್ಲಿ, ಫಾಸ್ ಎಂಬ ಚಿಕ್ಕ ನದಿಯ ತಡಿಯಲ್ಲಿ, ಮರದ ಚೌಕಟ್ಟಿನಿಂದಾದ ವರ್ತಕರ ಸಭಾಭವನವೊಂದು ಆರೂವರೆ ಶತಮಾನಗಳಿಗೂ ಮೇಲ್ಪಟ್ಟು ನಿಂತಿರುವುದು. ಇದರ ಮುಖ್ಯಭಾಗವನ್ನು ಕ್ರಿ. ಶ. 1357 ರಿಂದ 1361 ರವರೆಗೆ ಕಟ್ಟಿದರು. 1349 ರಲ್ಲಿ ಮಹಾಮಾರಿಯು ಆ ನಗರವನ್ನು ಹಾಳುಗೆಡವಿ ಆಗಿನ್ನೂ ಹತ್ತು ವರ್ಷಗಳು ತುಂಬಿರಲಿಲ್ಲ.

ಕಟ್ಟಿಸಿದವರು ಯೇಸುಸ್ವಾಮಿ ಮತ್ತು ಮೇರಿಮಾತೆಯರ ಹೆಸರಿನಲ್ಲಿ ಕೂಡಿದ ಧರ್ಮಸಂಘದವರು. ಇದರಲ್ಲಿ ಸ್ತ್ರೀಯರಿಗೂ ಸ್ಥಾನವಿದ್ದಿತು. ಈ ಸಂಘವೇ 1430 ರಲ್ಲಿ ಆರನೆಯ ಹೆನ್ರಿ ರಾಜನ ಸನ್ನದಿನಿಂದ ವರ್ತಕರ ಸಂಘವೆನಿಸಿತು. ನಮ್ಮ ಧರ್ಮಶಾಸ್ತ್ರಗಳ ‘ಶ್ರೇಣಿ’ ಶಬ್ದವು ಇದಕ್ಕೆ ಬಹುಮಟ್ಟಿಗೆ ಸಲ್ಲುವುದಾದರೂ, ಸತ್ತ ಸದಸ್ಯರ ಆತ್ಮಕ್ಕಾಗಿ ಪ್ರಾರ್ಥನೆ ನಡೆಸುವ ಹೊಣೆಯು ಇಲ್ಲಿ ಹೆಚ್ಚಿನದು.

ಭವನದ ಮಹಾಶಾಲೆಯು ಮೇಲಂತಸ್ತಿನಲ್ಲಿದೆ. ಅದರ ಅಗಲವನ್ನು ಒಂದೇ ತೊಲೆಯಿಂದ ದಾಟಿಸದೆ, ನಟ್ಟನಡುವೆ ದಪ್ಪವಾದ ಓಕ್ ಕಂಬಗಳ ಸಾಲೊಂದನ್ನು ನಿಲ್ಲಿಸಿ, ಅದರ ಇಕ್ಕೆಲಗಳಲ್ಲಿ ಎರಡು ಛಾವಣಿಗಳನ್ನು ಜೊತೆಜೊತೆಯಾಗಿ ಹೊದಿಸಿರುವರು. ಪ್ರತಿಯೊಂದು ಅಡ್ಡತೊಲೆಯ ನಡುವೆ ಒಂದು ಗಿಡ್ಡಗಂಬ ನಿಂತು, ಬಾಗಿದ ಆನೆಗಳಿಂದ ಮೇಲಿನ ಮರಗಳನ್ನು ಎತ್ತಿಹಿಡಿಯುವುದು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ಕುಳಿಯೊಳಗೆ ಸೇರಿಸಿ, ಅಡ್ಡಲಾಗಿ ಮರದ ಗೂಟವನ್ನೇ ಬಡಿದಿರುವರು. ಹಸಿಯ ಓಕ್ ಮರವನ್ನು ಬಳಸುವುದು ಆ ಕಾಲದ ಬಡಗಿಗಳ ವಾಡಿಕೆ. ಅದು ಒಣಗಿ ಕುಗ್ಗಿದಂತೆಲ್ಲ ಬೆಸುಗೆಯು ಬಿಗಿಯುವುದು.

ಬರಿಯ ಸಭಾಮಂಟಪವೆಂದು ನೋಡಿದರೆ ಈ ನಡುಗಂಬಗಳು ದೋಷವೇ ಸರಿ. ಕುಳಿತವರ ದೃಷ್ಟಿಗೆ ಅಡ್ಡಬರುವುವು. ಆದರೆ ಕೆಳಗಿಳಿದು ನೋಡಿದವರಿಗೆ ಬೇರೊಂದು ಅರ್ಥ ಹೊಳೆಯುವುದು. ಕಲ್ಲು ಇಟ್ಟಿಗೆಗಳ ಗೋಡೆಯುಳ್ಳ ಕೆಳಂತಸ್ತು ಮೇಲಿನ ಶಾಲೆಯಷ್ಟೇ ವಿಶಾಲ. ಅಲ್ಲಿಯೂ ಮೇಲಿನ ನೆಲವನ್ನು ಹೊತ್ತ ಓಕ್ ಕಂಬಗಳೇ. 1370 ರ ಅನಂತರದ ವರ್ಷಗಳಲ್ಲಿ ಅದು ಬಡವರಿಗೂ ರೋಗಿಗಳಿಗೂ ಆಶ್ರಯವಾಯಿತು. ಅದಕ್ಕೆ ಹೊಂದಿಕೊಂಡೇ ಪ್ರಾರ್ಥನಾಮಂದಿರವುಂಟು. ಹಾಸಿಗೆ ಹಿಡಿದವರಿಗೂ ಪೂಜೆಯ ದನಿ ಕೇಳುತ್ತಿದ್ದಿರಬೇಕು. ಆಶ್ರಯಶಾಲೆಗೆ ಅನುಜ್ಞೆ ದೊರೆತುದು ಕಟ್ಟಡ ಮುಗಿದ ಮೇಲಾದುದರಿಂದ ಇದು ಆಮೇಲಿನ ಸೇರ್ಪಡೆಯೆಂದು ವಾದಿಸಬಹುದು. ದಾಖಲೆಯ ಮಟ್ಟಿಗೆ ಆ ವಾದ ನಿಲ್ಲುವುದು. ಆದರೆ ಕೆಳಗಣ ಶಾಲೆಯು ಬೇರೆಯಾಗಿ ಹಚ್ಚಿದ ಕೊಟ್ಟಿಗೆಯಲ್ಲ, ಅದೇ ಚೌಕಟ್ಟಿನ ಅಂಗ. ವರ್ತಕರ ಭೋಜನಕೂಟಗಳು ನಡೆದುದು ರೋಗಿಗಳ ತಲೆಯ ಮೇಲೆಯೇ.

ಇದಕ್ಕೆ ಇನ್ನೊಂದು ಸಾಕ್ಷ್ಯವುಂಟು. ಯಾರ್ಕ್ ನಗರದ ಬೀದಿಗಳಲ್ಲಿ ಬಂಡಿಗಳ ಮೇಲೆ ಆಡುತ್ತಿದ್ದ ಧಾರ್ಮಿಕ ನಾಟಕಗಳಲ್ಲಿ ಅಂತಿಮ ನ್ಯಾಯವಿಚಾರಣೆಯ ನಾಟಕವು ಈ ವರ್ತಕರ ಪಾಲಿನದು. ಅದರ ಸಾಮಗ್ರಿಗಳನ್ನು ವಿವರಿಸುವ 1433 ರ ಕರಾರುಪತ್ರವು ಉಳಿದು ಬಂದಿದೆ. ಹಸಿದವರಿಗೆ ಉಣಿಸಿದಿರಾ, ರೋಗಿಗಳನ್ನು ಕಂಡಿರಾ ಎಂದು ದೇವರು ಮನುಷ್ಯರನ್ನು ಕೇಳುವುದೇ ಆ ನಾಟಕದ ತಿರುಳು. ಇಂಥ ನಾಟಕವನ್ನು ಆಡಿಸುತ್ತಿದ್ದವರು ತಮ್ಮ ಭವನದ ಕೆಳಂತಸ್ತನ್ನು ಕಾಕತಾಳೀಯವಾಗಿ ಬಡವರಿಗೆ ಬಿಟ್ಟರೆನ್ನುವುದು ಕಷ್ಟ.

ಎಡ್ವರ್ಡ್ ಆರನೆಯವನ ಕಾಲದಲ್ಲಿ, 1547 ರ ಶಾಸನದಿಂದ ಅನೇಕ ಧರ್ಮಸಂಘಗಳು ಆಸ್ತಿಯನ್ನು ಕಳೆದುಕೊಂಡು ಅಳಿದುವು. ಇವರು ವ್ಯಾಪಾರಸಂಘವೆಂಬ ರೂಪದಲ್ಲಿ ಉಳಿದರು; 1581 ರಲ್ಲಿ ಎಲಿಜಬೆತ್ ರಾಣಿಯಿಂದ ಹೊಸ ಸನ್ನದನ್ನೂ ಪಡೆದರು. ಸಂಘವು ಇಂದಿಗೂ ಮೇಲಿನ ಶಾಲೆಯಲ್ಲಿ ಸಭೆ ಸೇರುವುದು. ಕೆಳಗೆ 1900 ರವರೆಗೂ ಬಡವರು ವಾಸವಾಗಿದ್ದರು.