ಘಟ್ಟದ ಮೇಲೊಂದು ಬೊಕ್ಕಸ, ಕೆಳಗೊಂದು

ವಾರಾಹಿ ಹೊಳೆಯ ದಂಡೆಯ ಹಟ್ಟಿಯಂಗಡಿ ಎಂದೊಡನೆ ಹಲವರ ನೆನಪಿಗೆ ಬರುವುದು ಅಲ್ಲಿಯ ವಿನಾಯಕನ ಗುಡಿ ಮತ್ತು ಹಳೆಯ ಜೈನ ಬಸದಿ. ಸಾಹಿತ್ಯಾಸಕ್ತರಿಗೆ ಇನ್ನೊಂದು ನೆನಪೂ ಉಂಟು. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗುವ ಮೊದಲೇ ಆಂಗ್ಲ ಕವಿತೆಗಳನ್ನು ಕನ್ನಡಕ್ಕೆ ತಂದವರಲ್ಲಿ ಹಟ್ಟಿಯಂಗಡಿ ನಾರಾಯಣರಾಯರೂ ಒಬ್ಬರು. ಇಂಗ್ಲಿಷ್ ಕಾವ್ಯದ ರುಚಿ ಹತ್ತಬೇಕಾದರೆ ಸಾಮಾನ್ಯವಾಗಿ ಹೈಸ್ಕೂಲಿನ ಮೆಟ್ಟಿಲು ಹತ್ತಲೇಬೇಕಾಗಿದ್ದ ಕಾಲವದು. ಆ ಮೆಟ್ಟಿಲಿನ ಖರ್ಚನ್ನು ಕೊಡುತ್ತಿದ್ದವರು ಯಾರು?

1956ರ ನವೆಂಬರ್ 1ರವರೆಗೆ ಕುಂದಾಪುರದ ಸೀಮೆ ಮದರಾಸಿಗೆ ಸೇರಿತ್ತು. ಘಟ್ಟ ಹತ್ತಿದರೆ ಮೈಸೂರು. ಭಾಷೆ ಒಂದೇ, ಸರಕಾರ ಎರಡು, ಬೊಕ್ಕಸವೂ ಎರಡು.

ಮದರಾಸಿನ ನೀತಿಗೆ ಮೂಲ 1854ರ ವುಡ್ಡನ ನಿರೂಪ. ಖಾಸಗಿಯವರು ಶಾಲೆ ನಡೆಸಲಿ, ಸರಕಾರ ಸಹಾಯಧನ ಕೊಡಲಿ ಎಂಬುದು ಅದರ ಸೂತ್ರ. 1882ರ ಹಂಟರ್ ಆಯೋಗ ಇದನ್ನೇ ಬಿಗಿಗೊಳಿಸಿತು: ಸರಕಾರದ ಹಣ ಮೊದಲು ಪ್ರಾಥಮಿಕ ಶಾಲೆಗೆ ಸಲ್ಲಲಿ, ಪ್ರೌಢಶಾಲೆಯ ನೇರ ಆಡಳಿತದಿಂದ ಸರಕಾರ ಮೆಲ್ಲಗೆ ಹಿಂದೆ ಸರಿಯಲಿ. ಕೇಳುವುದಕ್ಕೆ ಇದು ನ್ಯಾಯವೇ. ಆದರೆ ಸಹಾಯಧನ ಒಲಿಯುವುದು ಕೈಯಲ್ಲಿ ಮೊದಲೇ ನಾಲ್ಕು ಕಾಸು ಇದ್ದವನಿಗೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರಿದ್ದರು. 1880ರಲ್ಲಿ ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಕಟ್ಟಿದರು. ಕುಂದಾಪುರಕ್ಕೆ ಒದಗಿದ್ದು ಬೋರ್ಡ್ ಹೈಸ್ಕೂಲು. ಹಳ್ಳಿಯ ಹುಡುಗನಿಗೆ ಹೊಳೆ ದಾಟುವ ಕಷ್ಟ ಒಂದಾದರೆ, ಶುಲ್ಕ, ಊಟ, ವಸತಿಯ ಚಿಂತೆ ಇನ್ನೊಂದು. 1921ರಲ್ಲಿ ವಿದ್ಯಾಖಾತೆ ಭಾರತೀಯ ಮಂತ್ರಿಗಳ ಕೈಗೆ ಬಂದಿತು. ಹಣಕಾಸಿನ ಬೀಗದ ಕೈ ಮಾತ್ರ ಗವರ್ನರನ ಬಳಿಯಲ್ಲೇ ಉಳಿಯಿತು.

ಮೈಸೂರಿನ ಹಾದಿ ಬೇರೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಶಾಲೆಯನ್ನು ತಾವೇ ತೆರೆದರು. 1881ರಲ್ಲಿ ರಾಜ್ಯ ಮರಳಿ ಬಂದ ಮೇಲೂ ಹೈಸ್ಕೂಲುಗಳು ಬಹುಮಟ್ಟಿಗೆ ಸರಕಾರದವೇ ಆಗಿದ್ದವು. ಮೈಸೂರು ಇದನ್ನು ಹೊತ್ತದ್ದು ಸುಮ್ಮನೆ ಅಲ್ಲ. ಬ್ರಿಟಿಷರಿಗೆ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ, 1896ರಿಂದ 35 ಲಕ್ಷ ರೂಪಾಯಿ ಪೊಗದಿ ತೆತ್ತ ಮೇಲೆ ಉಳಿದುದರಲ್ಲಿ ಶಾಲೆ ನಡೆಯಬೇಕಿತ್ತು. ಹಾಗಿದ್ದೂ 1916ರಲ್ಲಿ ವಿಶ್ವವಿದ್ಯಾನಿಲಯವನ್ನೇ ಕಟ್ಟಿದರು. ಆದರೆ ಬೊಕ್ಕಸದ ಹಣ ಎಲ್ಲರ ಮನೆಗೂ ಸಮನಾಗಿ ಹರಿಯಲಿಲ್ಲ. ಕಲಿತವರಲ್ಲಿಯೂ ನೌಕರಿ ಹಿಡಿದವರಲ್ಲಿಯೂ ಒಂದೇ ಜಾತಿಯವರು ತುಂಬಿದ್ದಾರೆಂಬ ಅಳಲಿಗೆ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಹಿಂದುಳಿದವರ ವಿದ್ಯಾರ್ಥಿವೇತನಕ್ಕೆ ಬಲ ಬಂದದ್ದು ಆಮೇಲೆ.

ಯಾವ ಬೊಕ್ಕಸ ಹೆಚ್ಚು ಕೊಟ್ಟಿತೆಂಬ ಲೆಕ್ಕಕ್ಕಿಂತ, ಕೊಟ್ಟು ಉಳಿದದ್ದನ್ನು ಯಾರ ಹೆಗಲಿಗೆ ಹೊರಿಸಿತೆಂಬ ಲೆಕ್ಕ ದೊಡ್ಡದು. ಕರಾವಳಿಯಲ್ಲಿ ಅದು ತಂದೆಯ ಗದ್ದೆಯ ಮೇಲೆ, ದಾನಿಯ ಔದಾರ್ಯದ ಮೇಲೆ ಬಿದ್ದಿತು. ಬೈಂದೂರು ಸಮೀಪದ ಮೊಗೇರಿಯಿಂದ ಕುಂದಾಪುರಕ್ಕೆ, ಅಲ್ಲಿಂದ ಮೈಸೂರಿಗೆ ಓದಲು ಹೋದ ಗೋಪಾಲಕೃಷ್ಣ ಅಡಿಗರು ಎರಡೂ ಸೀಮೆಗಳ ಶಾಲೆಯನ್ನು ಕಂಡವರು. ನಮಗೆ ಅವರು ದಕ್ಕಿದರು. ಹೊಳೆಯ ಈಚೆ ದಡದಲ್ಲೇ ಓದು ನಿಂತವರ ಹೆಸರು ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಇಲ್ಲ. ದಾನಿಗಳನ್ನು ಕೊಂಡಾಡುವಾಗ ನಾವು ಇದನ್ನು ಮರೆಯುತ್ತೇವೆ. ದಾನಿ ಹುಟ್ಟದ ಊರಿನಲ್ಲಿಯೂ ಮಕ್ಕಳು ಹುಟ್ಟುತ್ತಾರೆ.

ಈಗ ಸರಕಾರ ಒಂದೇ. ಹಳ್ಳಿಹಳ್ಳಿಗೆ ಪ್ರೌಢಶಾಲೆ ಬಂದಿದೆ. ಅದಕ್ಕೆಂದೇ 2009ರಲ್ಲಿ ಕೇಂದ್ರದ ಯೋಜನೆಯೂ ಹೊರಟಿತು. ಆದರೆ ಅದೇ 2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನು ತೆರೆದು ನೋಡಿ. ಅದು ಕೊಡುವ ಹಕ್ಕು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಎಂಟನೆಯ ತರಗತಿಗೆ ಅದರ ಎಲ್ಲೆ. ಒಂಬತ್ತು, ಹತ್ತನೆಯ ತರಗತಿಗಳನ್ನು ಸರಕಾರ ನಡೆಸುತ್ತಿದೆ, ನಿಜ. ಅದನ್ನು ಹಕ್ಕೆಂದು ಇನ್ನೂ ಬರೆದುಕೊಟ್ಟಿಲ್ಲ. ಹಂಟರ್ ಆಯೋಗ ಎಳೆದ ಗೆರೆ ಎರಡು ತರಗತಿ ಮುಂದಕ್ಕೆ ಸರಿದಿರಬಹುದು, ನಾಲ್ಕು ಸರಿದಿರಬಹುದು, ಅಳಿಸಿಹೋಗಿಲ್ಲ.